ಎಂಟು ದಿನದ ನಾಣ್ಯ

ನಮ್ಮಣ್ಣ ಲಾಂಪೋನನ ಬಲಭುಜ ಎಡಭುಜಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಹಿಂದಿನಿಂದ ನೋಡಿದವರಿಗೆ, ಯಾರನ್ನೋ ಕರೆಯಲು ಕೈ ಎತ್ತಿ ಹೆಸರು ಮರೆತವನ ಹಾಗೆ ಕಾಣುತ್ತಿದ್ದ. ಎಡಗಿವಿ ಪೂರ್ತಿ ಕಿವುಡು. ಬೇಡದ ಮಾತು ಬಂದಾಗ ಬಲಗಿವಿಯೂ ಕಿವುಡಾಗುತ್ತಿತ್ತು. ಹದಿನಾರನೇ ವಯಸ್ಸಿಗೆ ನಮ್ಮೂರು ಕತಾನೆಯ ಟಂಕಸಾಲೆಯಲ್ಲಿ ಸುತ್ತಿಗೆ ಹಿಡಿದವನು ಸಾಯುವ ವರ್ಷದವರೆಗೂ ಕೆಳಗಿಡಲಿಲ್ಲ.

ಅಚ್ಚು ಕೊರೆಯುವವನು ಬೇರೆ, ಬೆಳ್ಳಿ ತೂಗುವವನು ಬೇರೆ. ಇವನದು ಏಟು. ಅಡಿಗಲ್ಲಿನಲ್ಲಿ ಕೂರಿಸಿದ ಕೆಳಗಿನ ಅಚ್ಚಿನ ಮೇಲೆ ಕಾದ ಬೆಳ್ಳಿ ಬಿಲ್ಲೆ ಇಟ್ಟು, ಅದರ ಮೇಲೆ ಕೈಯಚ್ಚನ್ನು ನೆಟ್ಟಗೆ ಹಿಡಿದು, ಎರಡು ಏಟು. ಮೂರನೆಯದು ಹೊಡೆದವನನ್ನು ಅವನು ಮನುಷ್ಯರ ಸಾಲಿಗೇ ಸೇರಿಸುತ್ತಿರಲಿಲ್ಲ.

“ಎರಡರಲ್ಲಿ ಆಗ್ದೇ ಇದ್ದಿದ್ದು ಇಪ್ಪತ್ತರಲ್ಲೂ ಆಗಲ್ಲ ಕಣೇ ಫಿಲಿನ್ನ,” ಎನ್ನುತ್ತಿದ್ದ ನನಗೆ. ಈ ಮಾತು ನಾಣ್ಯಕ್ಕೆ ಮಾತ್ರವಲ್ಲ, ಹೆಣ್ಣು ಕೇಳುವುದಕ್ಕೂ ಆಲಿವ್ ಕಾಯಿ ಜಜ್ಜುವುದಕ್ಕೂ ನೆರೆಯವರ ಜೊತೆ ಜಗಳ ಮುಗಿಸುವುದಕ್ಕೂ ಅನ್ವಯಿಸುತ್ತಿತ್ತು. ಎರಡು ಮಾತು ಆಡಿ ಎದ್ದು ಬರುತ್ತಿದ್ದ. ಜಗಳ ಮುಗಿದಿಲ್ಲವೆಂದು ನೆರೆಯವರು ನನ್ನ ಹತ್ತಿರ ಬರುತ್ತಿದ್ದರು.

ಜಂಬ ಬಹಳ. ಸಂತೆಯಲ್ಲಿ ಯಾರಾದರೂ ನಾಣ್ಯ ತೋರಿಸಿದರೆ ಮುಟ್ಟದೆ, ಮಾರುದೂರದಿಂದಲೇ ನೋಡಿ, ಯಾವ ವರ್ಷದ್ದು, ಯಾವ ಅಚ್ಚಿನದು, ಯಾರ ಏಟು ಎಂದು ಹೇಳಿಬಿಡುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವನು, ನಿಜ. ಆದರೆ ಮೊಲವನ್ನು ಎಣಿಸಿ ನೋಡಿದರೆ ಹಾಳಾದ್ದಕ್ಕೆ ಮೂರೇ ಕಾಲು ಇರುತ್ತಿತ್ತು.

ನನಗೆ ಇಪ್ಪತ್ತು, ಅವನಿಗೆ ಇಪ್ಪತ್ತೆರಡು ಇದ್ದಾಗ, ಸಿರಾಕ್ಯೂಸಿನ ದೊರೆಗೆ ಊರು ಕಟ್ಟಿದವನೆಂದು ಹೆಸರು ಮಾಡುವ ಆಸೆ ಹುಟ್ಟಿತು. ಹೊಸದಾಗಿ ಊರು ಕಟ್ಟಬೇಕೆಂದರೆ ಕಲ್ಲು ಬೇಕು, ಮರ ಬೇಕು, ವರ್ಷಗಟ್ಟಲೆ ತಾಳ್ಮೆ ಬೇಕು. ಕಟ್ಟಿದ ಊರಿನಿಂದ ಜನರನ್ನು ಹೊರಗೆ ತಳ್ಳಿ ಹೆಸರು ಬದಲಾಯಿಸಿದರೆ ಒಂದು ವಾರದ ಕೆಲಸ. ದೊರೆ ಬುದ್ಧಿವಂತ. ನಮ್ಮನ್ನೆಲ್ಲ ಲಿಯೊಂತಿನಿಗೆ ಅಟ್ಟಿ, ಸಮುದ್ರದಾಚೆಯಿಂದ ಅಗಲ ಬಾಯಿಯ ಮಾತಾಡುವ ದೋರಿಯದ ಜನರನ್ನು ಹಡಗುಗಟ್ಟಲೆ ತರಿಸಿ ನಮ್ಮ ಮನೆಗಳಲ್ಲಿ ಕೂರಿಸಿದ. ಕತಾನೆ ಹೋಗಿ ಐತ್ನಾ ಆಯಿತು. ಬೆಂಕಿ ಉಗುಳುವ ಬೆಟ್ಟದ ಹೆಸರನ್ನೇ ಊರಿಗೂ ಇಟ್ಟ. ಸ್ವಂತದ್ದೊಂದು ಹೆಸರು ಹುಡುಕುವಷ್ಟೂ ಕಷ್ಟಪಡಲಿಲ್ಲ.

ಲಾಂಪೋನನನ್ನು ಮಾತ್ರ ಬಿಡಲಿಲ್ಲ. ಹೊಸ ಊರಿಗೆ ಹೊಸ ನಾಣ್ಯ ಬೇಕಲ್ಲ. ಅಚ್ಚು ಕೊರೆಯುವವನನ್ನು ಸಿರಾಕ್ಯೂಸಿನಿಂದ ತಂದರು. ಏಟು ಹೊಡೆಯುವವನು ಇಲ್ಲೇ ಇದ್ದ. ನಾನು, ನನ್ನ ಗಂಡ, ಅಮ್ಮ ಮೂವರೂ ಗಾಡಿಯ ಹಿಂದೆ ನಡೆದು ಹೋಗುವಾಗ ಅಣ್ಣ ಟಂಕಸಾಲೆಯ ಬಾಗಿಲಲ್ಲಿ ನಿಂತಿದ್ದ. ಪಕ್ಕದಲ್ಲಿ ಈಟಿ ಹಿಡಿದವನೊಬ್ಬ. ಅಣ್ಣ ಕೈ ಎತ್ತಲಿಲ್ಲ. ಅಮ್ಮ ಮೂರು ಸಲ ತಿರುಗಿ ನೋಡಿದಳು. ನಾನು ಒಂದು ಸಲವೂ ನೋಡಲಿಲ್ಲ, ಅಷ್ಟು ಸಿಟ್ಟು ನನಗೆ.

ಲಿಯೊಂತಿನಿಯ ಬಾಳನ್ನು ಹೆಚ್ಚು ಹೇಳುವುದಿಲ್ಲ. ಒಂದು ಕೋಣೆಯಲ್ಲಿ ಎರಡು ಸಂಸಾರ. ಬಾವಿಕಟ್ಟೆಯಲ್ಲಿ ಅಲ್ಲಿನ ಹೆಂಗಸರು, “ಊರಿಲ್ಲದವ್ರು ಬಂದ್ರು, ದಾರಿ ಬಿಡ್ರೇ,” ಎನ್ನುತ್ತಿದ್ದರು. ಮೂರನೇ ಚಳಿಗಾಲದಲ್ಲಿ ಗಂಡ ತೀರಿಕೊಂಡ. ನಾನು ಉಪ್ಪು ಹಾಕಿದ ಮೀನು ಮಾರಿ ಅಮ್ಮನನ್ನು ಸಾಕಿದೆ. ಅಣ್ಣನ ಹೆಸರನ್ನು ಯಾರಾದರೂ ಎತ್ತಿದರೆ, “ನಂಗೆ ಅಣ್ಣ ಇದ್ದ, ಈಗ ದೊರೆಗೆ ಸುತ್ತಿಗೆ ಇದೆ,” ಎನ್ನುತ್ತಿದ್ದೆ. ಅಮ್ಮ ಅತ್ತರೂ ಬಿಡುತ್ತಿರಲಿಲ್ಲ.

ಎಂಟನೇ ವರ್ಷ. ಐತ್ನಾದವರಿಗೆ ಬೆಳೆ ಕೈಕೊಟ್ಟು, ಲಿಯೊಂತಿನಿಯಿಂದ ಹಡಗು ತುಂಬ ಜವೆಗೋಧಿ ಕೊಂಡರು. ಅದರ ಬೆಲೆಯಾಗಿ ಬಂದ ಬೆಳ್ಳಿ ನಮ್ಮ ಸಂತೆಗೂ ಹರಿಯಿತು. ನಾಲ್ಕು ದ್ರಾಖ್ಮದ ಹೊಸ ನಾಣ್ಯ: ಒಂದು ಬದಿಗೆ ಕುದುರೆ ರಥ, ಇನ್ನೊಂದಕ್ಕೆ ಪೀಠದ ಮೇಲೆ ಕೂತ ಜೀಯಸ್ ದೇವರು. ಒಂದು ದಿನ ಒಂದು ನಾಣ್ಯಕ್ಕೆ ಹತ್ತಿದ ಮೀನಿನ ಜಿಡ್ಡನ್ನು ಬೂದಿ ಹಾಕಿ ಉಜ್ಜುತ್ತಿದ್ದೆ. ದೇವರ ಪೀಠದ ಕೆಳಗೆ ಹೆಬ್ಬೆರಳಿಗೆ ಏನೋ ತಗುಲಿತು. ಬಿಸಿಲಿಗೆ ಹಿಡಿದೆ. ಅಕ್ಷರಗಳು! ಹೊಸ ಚಿತ್ರದ ಅಡಿಯಿಂದ, ಓರೆಯಾಗಿ, ಅರ್ಧ ಮಾಸಿದ ಮೂರು ಅಕ್ಷರ. ಕತಾನೆ ಎನ್ನುವ ಹೆಸರಿನ ಮೊದಲ ಮೂರು ಅಕ್ಷರ.

ನಮ್ಮ ಹಳೆಯ ನಾಣ್ಯದ ಮೇಲೇ ಹೊಸ ಅಚ್ಚು ಹೊಡೆದಿದ್ದರು. ಹಾಗೆ ಹೊಡೆಯುವುದುಂಟು; ತೂಕ ಸರಿಯಿದ್ದರೆ ಕರಗಿಸುವ ಶ್ರಮ ಯಾಕೆ? ಆದರೆ ಕೆಳಗಿನ ಗುರುತು ಒಂದು ಚೂರೂ ಉಳಿಯದಂತೆ ಅಳಿಸುವುದೇ ಏಟು ಹೊಡೆಯುವವನ ಕೆಲಸ. ಲಾಂಪೋನನ ಏಟಿನಲ್ಲಿ ಎಂದೂ ಏನೂ ಉಳಿದದ್ದಿಲ್ಲ. ಅಂಥವನ ಕೈಯಲ್ಲಿ ನಮ್ಮ ಊರಿನ ಹೆಸರು ಉಳಿದಿದೆಯೆಂದರೆ ಅವನು ಬೇಕೆಂದೇ ಉಳಿಸಿದ್ದಾನೆ! ಮೀನಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ.

“ಅಮ್ಮಾ, ಅಣ್ಣ ಮರ್ತಿಲ್ಲ. ನೋಡು, ಓಲೆ ಬರ್ದಿದ್ದಾನೆ ನಮಗೆ!”

ಸಂಜೆಯ ಹೊತ್ತಿಗೆ ಬಾವಿಕಟ್ಟೆಗೆ ಸುದ್ದಿ ಮುಟ್ಟಿತು. ಮುಟ್ಟಿಸಿದವಳು ನಾನೇ. ನಮ್ಮವರೆಲ್ಲ ತಮ್ಮ ತಮ್ಮ ಬೆಳ್ಳಿಯನ್ನು ತಿರುವಿ ನೋಡತೊಡಗಿದರು. ಒಬ್ಬರ ನಾಣ್ಯದಲ್ಲಿ ನಮ್ಮ ಅಮೆನಾನೋಸ್ ನದಿಯ ಗುರುತಾದ ಹೋರಿಯ ಕೊಂಬು ಸಿಕ್ಕಿತು, ಒಬ್ಬರದರಲ್ಲಿ ಬಾಲ, ಒಬ್ಬರದರಲ್ಲಿ ಗೊರಸು. ಅಕ್ಷರ ಸಿಕ್ಕಿದ್ದು ನನಗೊಬ್ಬಳಿಗೇ. ಸಿಕ್ಕವರು ಯಾರೂ ಖರ್ಚು ಮಾಡಲಿಲ್ಲ. ಹೊಟ್ಟೆಗಿಲ್ಲದಿದ್ದರೂ ಸೊಂಟದ ಪಟ್ಟಿಯಲ್ಲಿ ಹೊಲಿದುಕೊಂಡರು, ದಾರ ಪೋಣಿಸಿ ಕೊರಳಿಗೆ ಕಟ್ಟಿಕೊಂಡರು. ನಮ್ಮ ನದಿಗೂ ಅದೇ ಚಾಳಿ ನೋಡಿ: ವರ್ಷಗಟ್ಟಲೆ ನೆಲದೊಳಗೆ ನಾಪತ್ತೆಯಾಗಿ, ಸತ್ತಿತು ಎಂದುಕೊಂಡಾಗ ಒಂದು ಬೆಳಿಗ್ಗೆ ಎದ್ದು ಬರುತ್ತದೆ. ಅಮ್ಮ ಆ ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದೇ ಪ್ರಾಣ ಬಿಟ್ಟಳು. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದುಕೊಂಡೆ.

ಹದಿನೈದನೇ ವರ್ಷಕ್ಕೆ ಗಾಳಿ ತಿರುಗಿತು. ದೊರೆ ಸತ್ತ, ಅವನ ಜಾಗದಲ್ಲಿ ಕೂತ ತಮ್ಮನನ್ನು ಸಿರಾಕ್ಯೂಸಿನವರೇ ಒದ್ದೋಡಿಸಿದರು. ದ್ವೀಪದ ಊರೂರೂ ಎದ್ದಿತು. ದೋರಿಯದವರು ಬೆಟ್ಟದ ಮೇಲಿನ ಇನೆಸ್ಸಕ್ಕೆ ಗಂಟುಮೂಟೆ ಕಟ್ಟಬೇಕು, ನಾವು ನಮ್ಮ ಮನೆಗೆ ಹೋಗಬೇಕು ಎಂದಾಯಿತು. ಆ ದಿನ ನಾನು ದಾರಿಯುದ್ದಕ್ಕೂ ಓಡಿದೆ. ಮೂವತ್ತೈದು ವರ್ಷದ ವಿಧವೆ, ಕಾಲಿಗೆ ಚಪ್ಪಲಿಯಿಲ್ಲ, ಓಡಿದೆ.

ಮನೆಯ ಅಂಗಳದಲ್ಲಿ, ನಮ್ಮಮ್ಮನ ಮರಿಗೆಯಲ್ಲಿ, ಜವೆಯ ಹಿಟ್ಟು ನಾದುತ್ತಾ ಒಬ್ಬಳು ಕೂತಿದ್ದಳು. ಅದೂ ಎಡಗೈಯಲ್ಲಿ.

“ಬಾರವ್ವ ತಂಗಿ,” ಎಂದಳು. “ಭಾಳ ದಣದೀ. ಬಿಸಿನೀರ ಇಟ್ಟೇನಿ, ಕಾಲ ತೊಳಕೋ.”

ಆ ಅಗಲ ಬಾಯಿಯ ಮಾತು ಕೇಳಿಯೇ ಗೊತ್ತಾಯಿತು. ದೋರಿಯದವಳು! ಹೆಸರು ದಾಮೊ. ಬಂದು ನೆಲೆಸಿದವರೊಬ್ಬರ ಮಗಳನ್ನು ಅಣ್ಣ ಮದುವೆಯಾಗಿದ್ದ. ಪಕ್ಕದಲ್ಲಿ ಏಳು ವರ್ಷದ ಮಗಳು. ಅದಕ್ಕೆ ನಮ್ಮಮ್ಮನ ಹೆಸರನ್ನೇ ಇಟ್ಟಿದ್ದರು, ಮೆಲಿತ್ತ ಎಂದು. ಗಾಯದ ಮೇಲೆ ಬರೆ ಎಳೆದ ಹಾಗಾಯಿತು ನನಗೆ.

“ನಮ್ಮಮ್ಮನ ಮರಿಗೆ ಕೆಳಗಿಡು,” ಎಂದೆ.

ಅವಳು ಕೆಳಗಿಟ್ಟಳು. ಕೈ ಒರೆಸಿಕೊಂಡು ಬಿಸಿನೀರು ತಂದಳು. ನಾನು ತೊಳೆದುಕೊಳ್ಳಲಿಲ್ಲ. ಆವತ್ತು ಧೂಳುಗಾಲಿನಲ್ಲೇ ಮಲಗಿದೆ, ಅಷ್ಟು ಹಟ.

ಅಣ್ಣ ಬಂದು ನನ್ನ ತಲೆ ಸವರಿದ. ಅಮ್ಮ ಎಲ್ಲಿ ಎಂದು ಕೇಳಲಿಲ್ಲ. ನನ್ನ ಜೊತೆ ಯಾರೂ ಇಲ್ಲದ್ದನ್ನು ನೋಡಿ ಕುಳಿತುಬಿಟ್ಟ. ನಾನು ನಾಣ್ಯದ ಮಾತನ್ನು ಅವನ ಮುಂದೆ ಎತ್ತಲಿಲ್ಲ. ದೊರೆಯ ಕಣ್ಣು ತಪ್ಪಿಸಿ ಮಾಡಿದ ಗುಟ್ಟಿನ ಕೆಲಸ, ಮನೆಯಲ್ಲಿ ದೋರಿಯದವಳು ಇರುವಾಗ ಆಡುವ ಮಾತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಇಂಥ ಬೆರಕೆ ಸಂಸಾರಗಳು ಊರಿನಲ್ಲಿ ಹಲವು ಇದ್ದವು. ಊರಸಭೆ ಕೈ ತೊಳೆದುಕೊಂಡು, ಯಾರು ಉಳಿಯಬೇಕು ಯಾರು ಹೋಗಬೇಕೆಂದು ಅವರವರ ಬಳಿಯವರೇ ಹಬ್ಬದಲ್ಲಿ ತೀರ್ಮಾನಿಸಲಿ ಎಂದಿತು. ಬಳಿಯೆಂದರೆ ಒಬ್ಬ ಮೂಲಪುರುಷನ ಮಕ್ಕಳು ನಾವು. ಶರತ್ಕಾಲದ ಹಬ್ಬದ ಮೂರನೇ ದಿನ ಮಕ್ಕಳನ್ನು ಬಳಿಗೆ ಸೇರಿಸುತ್ತೇವೆ. ತಂದೆ ಕುರಿ ತಂದು ಬಲಿಪೀಠದ ಬಳೆಗೆ ಕಟ್ಟುತ್ತಾನೆ. ತಕರಾರಿದ್ದವನು ಬಾಯಿ ತೆರೆಯಬೇಕಾಗಿಲ್ಲ, ಹಗ್ಗ ಬಿಚ್ಚಿ ಕುರಿಯನ್ನು ಆಚೆಗೆ ಎಳೆದರೆ ಸಾಕು. ಹೊತ್ತು ಮುಳುಗುವುದರೊಳಗೆ ಕುರಿ ಪೀಠಕ್ಕೆ ಮರಳದಿದ್ದರೆ ಆ ಮಗು ನಮ್ಮದಲ್ಲ, ಹೆತ್ತವಳೂ ನಮ್ಮವಳಲ್ಲ. ಕುರಿ ಎಳೆಯುವುದು ಗಂಡಸರಿಗೆ ಮಾತ್ರ. ಹೆಂಗಸರು ಮೆಟ್ಟಿಲ ಮೇಲೆ ನಿಂತು ನೋಡಬೇಕು.

ಹಿಂದಿನ ದಿನ ಅಣ್ಣನಿಗೆ ಬುದ್ಧಿ ಹೇಳಿದೆ. “ನೀನು ಉಳ್ಕೋ, ಮಗೂನ ಉಳಿಸ್ಕೋ. ಅವಳನ್ನ ಅವಳ ಜನದ ಜೊತೆ ಕಳಿಸು. ಬೇರೆ ಹೆಣ್ಣು ಸಿಗಲ್ವಾ?”

ಅವನು ಕಡಲೆ ತಿನ್ನುತ್ತಿದ್ದ. ಒಂದೊಂದನ್ನೇ ಎಸೆದು ಬಾಯಲ್ಲಿ ಹಿಡಿಯುವುದು ಅವನ ಅಭ್ಯಾಸ. “ಅವಳು ಬೆಟ್ಟಕ್ಕೆ ಹೋದ್ರೆ ನಾನೂ ಬೆಟ್ಟಕ್ಕೆ. ಅಡಿಗಲ್ಲು ಹೊರೋದೊಂದು ಕಷ್ಟ,” ಎಂದ.

“ಬಾಯಿಮಾತಿಗೆ ಹೇಳ್ತೀಯ.”

“ಎರಡು ಸಲ ಹೇಳ್ಲಾ?”

ಹೇಳಲಿ ಬಿಡು ಎಂದುಕೊಂಡೆ. ನನ್ನ ಸೊಂಟದ ಪಟ್ಟಿಯಲ್ಲಿ ಅವನನ್ನು ಉಳಿಸುವ ಸಾಧನವಿತ್ತು.

ಮರುದಿನ ಅಣ್ಣ ಹೆಗಲ ಮೇಲೆ ಕುರಿ ಹೊತ್ತು, ಮಗಳ ಕೈ ಹಿಡಿದು ಬಂದ. ದಾಮೊ ಹಗ್ಗ ಕಟ್ಟಿದ ಗಡಿಯಾಚೆ, ಅಂಜೂರದ ಮರದ ಕೆಳಗೆ ನಿಂತಳು. ಅವಳ ಕಾಲಬಳಿ ಒಂದು ಗಂಟು. ಬಟ್ಟೆಬರೆ ಕಟ್ಟಿಕೊಂಡೇ ಬಂದಿದ್ದಳು. ಅವಳಿಗೆ ನಮ್ಮ ಮೇಲೆ ಅಷ್ಟು ನಂಬಿಕೆ. ಅಣ್ಣ ಕುರಿ ಕಟ್ಟಿ ಎದ್ದನೋ ಇಲ್ಲವೋ, ಖಾರೋಪೋಸ್ ಮುಂದೆ ಬಂದು ಹಗ್ಗ ಬಿಚ್ಚಿ ಎಳೆದ. ಮೂರು ಎಣ್ಣೆಗಾಣಗಳಿದ್ದವನು ಅವನು, ಲಿಯೊಂತಿನಿಯಲ್ಲಿ ಕಂಡವರ ಗಾಣ ತಿರುಗಿಸಿ ಬದುಕಿದವನು. ಅವನ ಸಿಟ್ಟಿಗೂ ಕಾರಣವಿತ್ತು.

“ನಾವು ಅಲ್ಲಿ ಹೊಟ್ಟೆಗಿಲ್ದೆ ಸಾಯ್ತಿದ್ರೆ ಇವನು ಇಲ್ಲಿ ದೊರೆ ಸುತ್ತಿಗೆ ಆಗಿದ್ದ,” ಎಂದ. “ಹದಿನೈದು ವರ್ಷ ನಮ್ಮೂರ ಹೆಸರು ಅಳ್ಸಿದ್ದು ಯಾರ ಕೈ? ಇದೇ ಕೈ! ಇವನೂ ಹೋಗ್ಲಿ, ಇವನ ಹೆಂಡ್ತೀನೂ ಹೋಗ್ಲಿ.”

ಹಿಂದಿನಿಂದ ಹೌದು ಹೌದು ಎಂಬ ಗುಜುಗುಜು ಎದ್ದಿತು. ನಮ್ಮ ಬಳಿಯ ಹಿರಿಯ ಫಾನೋಸಜ್ಜ ಕೋಲು ಕುಟ್ಟಿದ. ನಾನು ಕಾದದ್ದೇ ಈ ಗಳಿಗೆಗೆ. ಮೆಟ್ಟಿಲ ಮೇಲಿನಿಂದ ಕೂಗಿದೆ.

“ಅಜ್ಜಾ, ಅಳ್ಸಿದ್ದು ಮಾತ್ರ ಹೇಳ್ತಾನೆ, ಉಳ್ಸಿದ್ದು ಯಾಕೆ ಹೇಳಲ್ಲ ಅಂತ ಕೇಳು ಅವನನ್ನ! ಅವನ ಕೊರಳಲ್ಲೇ ಇದೆ!”

“ಹೆಂಗಸ್ರು ಸುಮ್ನಿರ್ಬೇಕು,” ಎಂದ ಯಾರೋ.

“ಹದಿನೈದು ವರ್ಷ ಸುಮ್ನಿದ್ದೆ, ಸಾಕು!” ಎಂದು ಸೊಂಟದ ಪಟ್ಟಿ ಹರಿದು ನಾಣ್ಯ ತೆಗೆದು ಅಜ್ಜನತ್ತ ಎಸೆದೆ.

ಅಜ್ಜ ಅದನ್ನು ಬಿಸಿಲಿಗೆ ಹಿಡಿದ. ಅವನಿಗೆ ಓದಲು ಕಷ್ಟ, ಆದರೆ ಅದರಲ್ಲಿ ಏನಿದೆಯೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಏಳು ವರ್ಷ ಅದನ್ನು ಹಿಡಿದು ಆಣೆ ಹಾಕಿದವರು ಅವರು, ಬಾಣಂತಿಯ ದಿಂಬಿನಡಿ ಇಟ್ಟವರು ಅವರು. ಉಳಿಸಿದವನು ಲಾಂಪೋನ್ ಎಂಬ ಮಾತು ಒಬ್ಬರ ಬಾಯಿಂದ ಒಬ್ಬರಿಗೆ ಹರಿಯಿತು. ನನ್ನದರಲ್ಲಿ ಕೊಂಬಿದೆ, ನನ್ನದರಲ್ಲಿ ಬಾಲವಿದೆ ಎಂದು ಒಬ್ಬೊಬ್ಬರೂ ಕೂಗಿದರು. ಖಾರೋಪೋಸನ ಕೈ ತಾನಾಗಿ ಕೊರಳಿಗೆ ಹೋಯಿತು. ನನ್ನ ಅಣ್ಣನ ಬೆನ್ನು ತಟ್ಟಲು ನಾಲ್ಕಾರು ಜನ ಮುಂದೆ ಬಂದರು.

ಫಾನೋಸಜ್ಜ ಗಂಟಲು ಸರಿಮಾಡಿಕೊಂಡ. “ಹಾಗಾದ್ರೆ ಹೀಗ್ ಮಾಡೋಣ. ಪ್ರಾಣದ ಹಂಗು ತೊರೆದು ಹೆಸರು ಉಳ್ಸಿದೋನು ನಮ್ಮೋನು. ಅವನ ಮಗೂನೂ ನಮ್ದೇ. ಆ ಹೆಂಗಸು ಮಾತ್ರ ಅವಳ ಜನದ ಜೊತೆ ಹೋಗ್ಲಿ. ಏನಪ್ಪ?”

ನನಗೆ ಬೇಕಾದದ್ದು ಅಕ್ಷರಕ್ಕೆ ಅಕ್ಷರ ಅದೇ. ದಾಮೊ ಬಗ್ಗಿ ಗಂಟಿನ ಕಿವಿ ಹಿಡಿದುಕೊಂಡಳು.

ಅಣ್ಣ ಮಾತ್ರ ಅಜ್ಜನ ಕೈಯಿಂದ ನಾಣ್ಯ ತೆಗೆದುಕೊಂಡು ನೋಡುತ್ತಿದ್ದ. ಓರೆ ಮಾಡಿದ, ತಿರುವಿದ, ಹೆಬ್ಬೆರಳಿನಿಂದ ಸವರಿದ. ಅವನ ಮುಖ ಕೆಂಪಾಗಿದ್ದು ನಾನು ಜನ್ಮದಲ್ಲಿ ನೋಡಿದ್ದು ಅದೊಂದೇ ಸಲ. ಹಳಸಿದ ಮೀನು ಬಾಯಿಗಿಟ್ಟವನ ಹಾಗೆ ಮುಖ ಮಾಡಿ, “ಥೂ,” ಎಂದ. “ಇದು ನನ್ನ ಏಟಲ್ಲ.”

“ಬಾಯಿ ಮುಚ್ಚೋ ಅಣ್ಣ!” ಎಂದು ಕಿರುಚಿದೆ. ಅವನ ಬಲಗಿವಿಯೂ ಕಿವುಡಾಯಿತು.

“ಅಜ್ಜ, ನನ್ನನ್ನ ಊರು ಬಿಡ್ಸಿ ಬೇಕಾದ್ರೆ. ಈ ದರಿದ್ರದ ಏಟು ನನ್ನ ಕೊರಳಿಗೆ ಕಟ್ಬೇಡಿ. ನಾನು ಹೊಡೆದ್ರೆ ಅಡಿಯಲ್ಲಿ ಏನಿತ್ತು ಅಂತ ದೇವ್ರಿಗೂ ಗೊತ್ತಾಗ್ಬಾರ್ದು. ದೊರೆ ಕೇಳಿದ ಅಂತ ಚೆನ್ನಾಗ್ ಹೊಡ್ದೆ, ನಾಳೆ ನೀವು ಕೇಳಿದ್ರೂ ಚೆನ್ನಾಗೇ ಹೊಡೀತೀನಿ. ಹೆಸರು ಉಳ್ಸೋ ಯೋಚ್ನೆ ನಂಗೆ ಬರ್ಲೇ ಇಲ್ಲ. ಬಂದಿದ್ರೆ ಎಲ್ಲ ನಾಣ್ಯದಲ್ಲೂ ಅಕ್ಷರಾನೇ ಇರ್ತಿತ್ತು, ಒಂದ್ರಲ್ಲಿ ಕೊಂಬು ಒಂದ್ರಲ್ಲಿ ಬಾಲ ಬರ್ತಿರ್ಲಿಲ್ಲ.”

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮಣ್ಣನಿಗೆ ಊಟ ಮಾತ್ರ ಗೊತ್ತಿತ್ತು.

ಅಮ್ಮನ ಮುಷ್ಟಿ ನೆನಪಾಯಿತು. ಇಷ್ಟು ವರ್ಷ ಬಾವಿಕಟ್ಟೆಯಲ್ಲಿ ನಿಂತು ನಾನು ಸಾರಿದ್ದೆಲ್ಲ ಸುಳ್ಳೇ?

“ಮತ್ತೆ ಯಾರ್ದೋ ಇದು?” ಎಂದ ಖಾರೋಪೋಸ್. ಕುರಿಯ ಹಗ್ಗ ಇನ್ನೂ ಅವನ ಕೈಯಲ್ಲಿತ್ತು.

ಅಣ್ಣ ನಾಣ್ಯವನ್ನು ಅವನ ಮೂಗಿನ ಹತ್ತಿರ ಹಿಡಿದ. “ದೇವ್ರ ಮೊಣಕಾಲಿಂದ ಅಂಚಿನವರೆಗೆ ಕೂದಲಷ್ಟು ಗೆರೆ ಎದ್ದಿದ್ಯಲ್ಲ, ಕಾಣ್ತಾ? ಕೈಯಚ್ಚು ಬಿರುಕು ಬಿಟ್ಟಿತ್ತು. ನಾನು ಜ್ವರ ಬಂದು ಮಲಗಿದ ದಿನ ಬಿಟ್ಟ ಬಿರುಕು. ಎಂಟು ದಿನಕ್ಕೆ ಅಚ್ಚು ಒಡೆದು ಎರಡಾಯ್ತು. ಒಂಬತ್ತನೇ ದಿನ ನಾನೆದ್ದೆ, ಹೊಸ ಅಚ್ಚು ಬಂತು. ಈ ಗೆರೆ ಇರೋ ನಾಣ್ಯದಲ್ಲಿ ಒಂದನ್ನೂ ನಾನು ಹೊಡೆದಿಲ್ಲ. ನಿಮ್ಮ ನಿಮ್ಮದು ತೆಗೀರಿ, ನೋಡಿ.”

ತೆಗೆದರು. ಸೊಂಟದಿಂದ, ಕೊರಳಿಂದ, ಒಬ್ಬಳು ಕೂದಲ ಗಂಟಿನೊಳಗಿಂದ. ಅಂಗಳ ತುಂಬ ಜನ ತಲೆ ಬಗ್ಗಿಸಿ ಅಂಗೈ ನೋಡಿಕೊಳ್ಳುತ್ತಿದ್ದರು. ಕೊಂಬಿನ ನಾಣ್ಯದಲ್ಲೂ ಗೆರೆ, ಬಾಲದ ನಾಣ್ಯದಲ್ಲೂ ಗೆರೆ. ಗೊರಸಿನದರಲ್ಲೂ ಅದೇ ಗೆರೆ, ಅದೇ ಮೊಣಕಾಲಿನಿಂದ. ಏಳು ವರ್ಷ ಎದೆಗವಚಿಕೊಂಡಿದ್ದೆವು. ಅಡಿಯಲ್ಲಿದ್ದ ಹೆಸರಿನ ಮೇಲೆ ಕಣ್ಣಿಟ್ಟ ನಾವು ಮೇಲಿದ್ದ ಗೆರೆಯನ್ನು ಒಬ್ಬರೂ ನೋಡಿರಲಿಲ್ಲ.

“ಜವೆ ಹಡಗು ಕಾಯ್ತಿತ್ತು,” ಎಂದ ಅಣ್ಣ. ಈಗ ಅವನ ದನಿ ಇಳಿದಿತ್ತು. “ಎಂಟು ದಿನದಲ್ಲಿ ಬೆಳ್ಳಿ ಸಿದ್ಧ ಆಗ್ದಿದ್ರೆ ಏಟುಗಾರನನ್ನ ಸಿರಾಕ್ಯೂಸಿನ ಕಲ್ಲುಗಣಿಗೆ ಹಾಕ್ತೀವಿ ಅಂದಿದ್ರು. ಅಧಿಕಾರಿ ಬರ್ತಿದ್ದಿದ್ದು ಸಂಜೆ ತೂಕ ಮಾಡೋಕೆ ಮಾತ್ರ. ನನ್ನ ಕೈ ಬೆರಳೂ ಏಳ್ತಿರ್ಲಿಲ್ಲ. ಹೊಡ್ದಿದ್ದು ಅವಳು.” ಎಂದು ಅಂಜೂರದ ಮರದತ್ತ ಗದ್ದ ತೋರಿಸಿದ. “ಹೆಂಡ್ತಿ ಹೊಡೆದ್ಲು, ಅದೂ ಇಷ್ಟು ಕೆಟ್ಟದಾಗಿ ಹೊಡೆದ್ಲು ಅಂತ ಯಾರ ಮುಂದೆ ಹೇಳ್ಲಿ? ಮಾನ ಹೋಗ್ತಿತ್ತು. ಈಗ ಹೋಯ್ತು.”

ಫಾನೋಸಜ್ಜ ಕೋಲೂರಿಕೊಂಡು ಗಡಿಯ ಹಗ್ಗದ ತನಕ ನಡೆದ. “ಏನಮ್ಮ,” ಎಂದ. “ನಮ್ಮೂರ ಹೆಸರು ಇರ್ಲಿ ಅಂತ ಬೇಕಂತ್ಲೇ ಬಿಟ್ಯಾ?”

ಹೌದು ಎಂದರೆ ಮುಗಿಯಿತು. ಅಜ್ಜ ಬಾಯಿಗೆ ತುತ್ತಿಟ್ಟ ಹಾಗೆ ಕೇಳಿದ್ದ. ನನಗೆ ಆ ಹೆಂಗಸಿನ ಮೇಲೆ ಪ್ರೀತಿಯಿರಲಿಲ್ಲ. ಆದರೂ ಹೌದೆನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳಿಗಾಗಿ ಅಲ್ಲ. ಅಮ್ಮನಿಗಾಗಿ.

“ಇಲ್ರೀ ಅಜ್ಜಾರ,” ಎಂದಳು ದಾಮೊ. “ಅಳಿಸಬೇಕಂತನ ಹೊಡದೇನಿ. ಅಳಿಸ್ಲಿಲ್ಲ. ಹೊಟ್ಟ್ಯಾಗ ಇಕಿ ಇದ್ಲು, ಸುತ್ತಿಗಿ ಎತ್ತಿದ್ರ ಉಸರ ಹಿಡೀತಿತ್ತು. ಇಂವಾ ಹಾಸಿಗ್ಯಾಗ ಬಿದ್ಕೊಂಡು ಇನ್ನೂ ಎತ್ತ, ಇನ್ನೂ ಎತ್ತ ಅಂತ ಒದರತಿದ್ದ. ನಾಕ ಏಟು, ಐದ ಏಟು ಹೊಡದ್ರೂ ನಿಮ್ಮ ಹೋರಿ ಕ್ವಾಡ ಹೋಗವಲ್ದು. ಗಂಡನ್ನ ಕಲ್ಲಗಣಿಗೆ ಒಯ್ಯಬಾರದು, ಅದೊಂದ ತಲ್ಯಾಗಿತ್ತು. ಸುಳ್ಳ ಹೇಳಿ ನಿಮ್ಮೂರಾಗ ಇರೂದು ನನಗ ಬ್ಯಾಡ್ರಿ.”

ಹೇಳಿ ಗಂಟನ್ನು ಎತ್ತಿ ಹೆಗಲಿಗಿಟ್ಟಳು. ಎಡ ಹೆಗಲಿಗೆ.

ನಾನು ಅವಳ ಆ ಕೈಯನ್ನು ನೋಡಿದೆ. ಬಸುರಿ ಹೆಂಗಸು ಎಂಟು ದಿನ ಸುತ್ತಿಗೆ ಎತ್ತಿದ ಕೈ. ಏಳು ವರ್ಷ ನಾನು ಮಗ್ಗುಲಲ್ಲಿಟ್ಟುಕೊಂಡು ಮಲಗಿದ್ದು ಆ ಕೈಯ ಏಟನ್ನು. ಅಮ್ಮ ಸಾಯುವಾಗ ಹಿಡಿದದ್ದೂ ಅದನ್ನೇ. ಅಣ್ಣನ ಕೈಯಲ್ಲಿ ಬಲ ಇದ್ದದ್ದಕ್ಕೆ ನಮ್ಮ ಊರು ಅಳಿಯಿತು, ಇವಳ ಕೈಯಲ್ಲಿ ಬಲ ಇಲ್ಲದ್ದಕ್ಕೆ ಉಳಿಯಿತು. ನಾಚಿಕೆಯಾಯಿತು ನನಗೆ. ಅಳುವೂ ಬಂತು. ಬಿಸಿನೀರಿನ ತಂಬಿಗೆ ನೆನಪಾಗಿ ಇನ್ನಷ್ಟು ಬಂತು.

ಮೆಟ್ಟಿಲಿಳಿದು ನೇರ ಖಾರೋಪೋಸನ ಹತ್ತಿರ ಹೋದೆ. “ಹಗ್ಗ ಕೊಡು.”

“ಹೆಂಗಸರು ಮುಟ್ಟೋ ಹಾಗಿಲ್ಲ,” ಎಂದ.

“ಎಳೆಯೋ ಹಾಗಿಲ್ಲ ಅಂತ ಕಟ್ಟಳೆ. ತಂದು ಕಟ್ಬಾರ್ದು ಅಂತ ಯಾರು ಹೇಳಿದ್ದು? ಹೇಳಜ್ಜಾ, ಯಾವಾಗ ಹೇಳಿದ್ರು?”

ಅಜ್ಜ ಗಡ್ಡ ಕೆರೆದುಕೊಂಡ. ಅಜ್ಜನ ಅಜ್ಜನ ಕಾಲದಿಂದ ಯಾವ ಹೆಂಗಸೂ ಅಂಥದ್ದೊಂದು ಕೇಳಿರಲಿಲ್ಲ. ಖಾರೋಪೋಸ್ ಕೊರಳಿನ ನಾಣ್ಯವನ್ನು ಇನ್ನೊಂದು ಸಲ ನೋಡಿಕೊಂಡ. ಅವನದು ಕೊಂಬಿನದು. ಮೆಲ್ಲಗೆ ಬೆರಳು ಸಡಿಲ ಬಿಟ್ಟ.

ಕುರಿಯನ್ನು ಪೀಠದ ಹತ್ತಿರ ತಂದೆ, ಆದರೆ ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದರಲ್ಲಿ ಗಂಟು ಹಾಕಲು ಬರಲಿಲ್ಲ. ಹಾಳು ಕುರಿ ಬೇರೆ ಜಗ್ಗುತ್ತಿತ್ತು. ಅಂಜೂರದ ಮರದ ಕಡೆ ತಿರುಗಿ ಕರೆದೆ.

“ಅತ್ತಿಗೇ! ಅಲ್ಲಿ ನಿಂತು ಏನ್ ನೋಡ್ತೀಯ? ಬಂದು ಕಟ್ಟು.”

ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವಳು ಗಂಟು ಕೆಳಗಿಟ್ಟು, ಗಡಿಯ ಹಗ್ಗ ದಾಟಿ ಬಂದಳು. ಬಂದವಳೇ ಕುರಿಯನ್ನು ಬಳೆಗೆ ಕಟ್ಟಿದಳು. ಎಡಗೈ ಗಂಟು. ಬಲಿ ಕೊಡುವವನು ಆಮೇಲೆ ಅದನ್ನು ಬಿಚ್ಚಲಾರದೆ ಒದ್ದಾಡಿ, ಕೊನೆಗೆ ಹಗ್ಗವನ್ನೇ ಕೊಯ್ದ. ಬೇರೆ ಯಾರೂ ಎಳೆಯಲು ಬರಲಿಲ್ಲ.

ಆ ವರ್ಷವೇ ಕತಾನೆಯ ನಾಣ್ಯ ಮತ್ತೆ ಶುರುವಾಯಿತು, ಅದೇ ಹೋರಿ, ಅದೇ ಹೆಸರು. ಅಣ್ಣ ಮೊದಲು ಮಾಡಿದ ಕೆಲಸವೆಂದರೆ ಮನೆಮನೆಗೆ ಹೋಗಿ ಆ ಗೆರೆಯ ನಾಣ್ಯಗಳನ್ನೆಲ್ಲ ಕೂಡಿಹಾಕಿದ್ದು. ಕೂಲಿ ಬೇಡವೆಂದ. ಎರಡೆರಡೇ ಏಟಿಗೆ ಎಲ್ಲವನ್ನೂ ಹೊಸ ಹೋರಿ ಮಾಡಿ ವಾಪಸು ಕೊಟ್ಟ. ಈಗ ಅಡಿಯಲ್ಲಿ ಏನಿತ್ತೆಂದು ದೇವರಿಗೂ ತಿಳಿಯದು. ನಾನು ನನ್ನದನ್ನು ಕೊಡಲಿಲ್ಲ. ಊರಿಗೆಲ್ಲ ಉಳಿದದ್ದು ಅದೊಂದೇ.

ಇಪ್ಪತ್ತಾರು ವರ್ಷ, ಪ್ರತಿ ಹಬ್ಬಕ್ಕೂ ಕೇಳುತ್ತಿದ್ದ. “ತಾರೇ ಆ ದರಿದ್ರಾನ. ಎರಡೇ ಏಟು.” ಪ್ರತಿ ಹಬ್ಬಕ್ಕೂ ಕೊಡಲ್ಲ ಎನ್ನುತ್ತಿದ್ದೆ. ಅದು ನಮ್ಮ ಹಬ್ಬದ ಒಂದು ಶಾಸ್ತ್ರವೇ ಆಗಿಹೋಯಿತು.

ಕಳೆದ ಚಳಿಗಾಲ ಅವನು ಹಾಸಿಗೆ ಹಿಡಿದ. ಸುತ್ತಿಗೆಯ ಕೈ ಬತ್ತಿ ಬಾರುಕೋಲಿನಂತಾಗಿತ್ತು. ಒಂದು ಮಧ್ಯಾಹ್ನ ಮತ್ತೆ ಕೇಳಿದ. ಈ ಸಲ ನಾನು ಇಲ್ಲವೆನ್ನಲಿಲ್ಲ, ಅಂಗೈಯಲ್ಲಿಟ್ಟೆ. ಕಣ್ಣು ಕಾಣುತ್ತಿರಲಿಲ್ಲ ಅವನಿಗೆ. ಹೆಬ್ಬೆರಳಿನಿಂದ ಗೆರೆ ಹುಡುಕಿದ, ಅಕ್ಷರ ಹುಡುಕಿದ. ಆಮೇಲೆ ಪಕ್ಕದಲ್ಲಿ ಕೂತು ಗಂಜಿ ಕಲಕುತ್ತಿದ್ದ ಅತ್ತಿಗೆಯತ್ತ ಮುಖ ತಿರುಗಿಸಿದ.

“ಎಂಟು ದಿನ,” ಎಂದ. “ಒಂದಾದ್ರೂ ನೆಟ್ಟಗೆ ಹೊಡೆದ್ಯೇನೇ?”

ಅತ್ತಿಗೆ ಕಲಕುವುದನ್ನು ನಿಲ್ಲಿಸಲಿಲ್ಲ. “ನೆಟ್ಟಗ ಹೊಡದಿದ್ರ ನಾವು ಬೆಟ್ಟದ ಮ್ಯಾಲ ಇರತಿದ್ವಿ, ಇವತ್ತ ನಿನ್ನ ಮಗ್ಗಲದಾಗ ತಂಗಿ ಎಲ್ಲಿ ಕುಂದರತಿದ್ಲು?”

ಅಣ್ಣ ಹೆಬ್ಬೆರಳಿನಿಂದ ಆ ಗೆರೆಯನ್ನು ಇನ್ನೊಂದು ಸಲ ಸವರಿದ. ಕಿವಿಗೆ ಬಿತ್ತೋ ಇಲ್ಲವೋ ಎಂದುಕೊಂಡೆ. ಬಿದ್ದಿತ್ತು. ನಾಣ್ಯವನ್ನು ತಡಕಾಡಿ ನನ್ನ ಕೈಗೆ ಮರಳಿ ಇಟ್ಟು, ನನ್ನ ಬೆರಳುಗಳನ್ನು ಅದರ ಮೇಲೆ ಮಡಿಸಿದ.

“ಇರ್ಲಿ ಬಿಡು,” ಎಂದ.